ಸರ್ವೋ ಮೋಟಾರಿನ ರಸಮೀಮಾಂಸೆ: ಒಂದು ತಾತ್ತ್ವಿಕ ಅವಲೋಕನ

ಪ್ರಸ್ತುತ ಸಂಪ್ರಬಂಧವು ಸರ್ವೋ ಮೋಟಾರಿನ ಟಾರ್ಕನ್ನು, ಅರ್ಥಾತ್ ತಿರುಚುಬಲವನ್ನು, ಭಾರತೀಯ ಕಾವ್ಯಮೀಮಾಂಸೆಯ ಬೆಳಕಿನಲ್ಲಿ ಪರಾಮರ್ಶಿಸುವ ವಿನಮ್ರ ಯತ್ನ. ಟಾರ್ಕ್ ದ್ವಿವಿಧ: ಸ್ಥಾಯಿ, ಸಂಚಾರಿ. ದಿನವಿಡೀ ತಿರುಗಿದರೂ ವೈಂಡಿಂಗ್ ಬಿಸಿಯ ಮಿತಿ ದಾಟದಷ್ಟು ಬಲ ಸ್ಥಾಯಿ. ಪಾಮರರು ಇದನ್ನು ರೇಟೆಡ್ ಎನ್ನುವರು. ಕೆಲವೇ ಕ್ಷಣ ಉಕ್ಕಿ ಅಡಗಬೇಕಾದ್ದು ಸಂಚಾರಿ, ಯಾನೆ ಪೀಕ್. 3000 ಆರ್‌ಪಿಎಂನ 750 ವ್ಯಾಟ್ ಮೋಟಾರಿನಲ್ಲಿ ಸ್ಥಾಯಿ 2.39 ನ್ಯೂಟನ್ ಮೀಟರ್; ಸಂಚಾರಿ ಸಾಮಾನ್ಯವಾಗಿ ಅದರ ಮೂರು ಪಟ್ಟು. ಕಾವ್ಯದಲ್ಲಿ ಸಂಚಾರಿ ಸ್ಥಾಯಿಯನ್ನು ಪೋಷಿಸುತ್ತದೆ. ಇಲ್ಲಿ ಸುಡುತ್ತದೆ.

ಸಂಚಾರಿಯು ಪುನಃ ತ್ರಿವಿಧ: ಕೆಟಲಾಗಿನದು, ಮಾರಾಟದವರ ಬಾಯಿಯದು, ನಿಜವಾದದ್ದು. ಮೊದಲನೆಯದು ದಪ್ಪಕ್ಷರದಲ್ಲಿ ಗೋಚರಿಸುತ್ತದೆ. ಮೂರನೆಯದಕ್ಕೆ ಹನ್ನೆರಡು ಉಪಭೇದಗಳನ್ನು ನಿರೂಪಿಸುವ ಆಸೆಯಿತ್ತು. ಹೋಗಲಿ ಬಿಡಿ, ಯಾರಿಗೆ ಬೇಕು?

ಈಗ ಅದೇ 750 ವ್ಯಾಟ್ ಮೋಟಾರಿದ್ದ ನಮ್ಮ ಪ್ಯಾಕಿಂಗ್ ಯಂತ್ರದ ನಿದರ್ಶನ. ಒಂದು ಸೆಕೆಂಡಿಗೆ ಒಂದು ಕೆಲಸದ ಸುತ್ತು. ವೇಗ ಹಿಡಿಯಲು 0.2 ಸೆಕೆಂಡು 6 ನ್ಯೂಟನ್ ಮೀಟರ್, ತಡೆಯಲು 0.2 ಸೆಕೆಂಡು 4 (ದಿಕ್ಕು ಬೇರೆ, ಬಿಸಿ ಒಂದೇ), ಮಿಕ್ಕಿದ್ದು ವಿಶ್ರಾಂತಿ. ಪೀಕ್ ಮೀರಿಲ್ಲ, ಸರಾಸರಿ ಬರೀ 2. “ಬೇಕಾದಷ್ಟು ಡೈನಾಮಿಕ್ ಹೆಡ್‌ರೂಮ್ ಇದೆ ಸಾರ್” ಎಂದು ಮಾರಾಟದವರು ಲ್ಯಾಪ್‌ಟಾಪ್ ಮುಚ್ಚಿ ಕಾಫಿ ಕುಡಿದರು.

ಹೆಡ್‌ರೂಮಂತೆ! ಬಿಸಿ ಸರಾಸರಿಯ ಮಾತು ಕೇಳುವುದಿಲ್ಲ. ಟಾರ್ಕ್ ಏರಿದಷ್ಟೇ ಕರೆಂಟ್ ಏರುತ್ತದೆ. ಬಿಸಿ ಮಾತ್ರ ಕರೆಂಟಿನ ವರ್ಗದಂತೆ. ಟಾರ್ಕ್ ಮೂರು ಪಟ್ಟಾದರೆ ತಾಮ್ರದ ಬಿಸಿ ಒಂಬತ್ತು ಪಟ್ಟು. ಒಂದೊಂದು ಟಾರ್ಕನ್ನೂ ವರ್ಗ ಮಾಡಿ, ಅದರ ಕಾಲದಿಂದ ಗುಣಿಸಿ, ಕೂಡಿಸಿ, ಸುತ್ತಿನ ಒಟ್ಟು ಕಾಲದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: 3.22. ಪಿಯುಸಿ ಹುಡುಗ ಮಾಡುವ ಲೆಕ್ಕ. 2.39ರ ಮೋಟಾರಿನಿಂದ ನಾವು ಶಿಫ್ಟುಗಟ್ಟಲೆ 3.22 ಹಿಂಡುತ್ತಿದ್ದೆವು. ಆ 2.39 ಕೂಡ ಸುತ್ತಲಿನ ಗಾಳಿ 40 ಡಿಗ್ರಿಯೊಳಗಿದ್ದರೆ ಮಾತ್ರ. ನಮ್ಮದು ಏಪ್ರಿಲ್ ಮಧ್ಯಾಹ್ನದ ತಗಡಿನ ಶೆಡ್ಡು.

ಡ್ರೈವ್ ಓವರ್‌ಲೋಡ್ ಅಲಾರಂ ಕೊಟ್ಟು ನಿಲ್ಲುತ್ತಿತ್ತು. ಪ್ರೊಡಕ್ಷನ್‌ನವರು ರೀಸೆಟ್ ಒತ್ತಿಸುತ್ತಿದ್ದರು. ಮತ್ತೆ ಅಲಾರಂ, ಮತ್ತೆ ರೀಸೆಟ್. ಕೊನೆಗೊಂದು ದಿನ ವೈಂಡಿಂಗ್ ಸುಟ್ಟ ವಾಸನೆ.

ಮಾರನೆಯ ದಿನ ಸಭೆ. ಸ್ಲೈಡುಗಳು, ಮೂಲಕಾರಣ ವಿಶ್ಲೇಷಣೆ, ಮೀನಿನ ಮುಳ್ಳಿನಂಥ ಚಿತ್ರ. ಬಾಗಿಲ ಬಳಿ ನಿಂತಿದ್ದ ಆಪರೇಟರ್ ಹುಡುಗ ಮೆಲ್ಲಗೆ ಅಂದ: “ಮೋಟಾರು ಮುಟ್ಟಿದ್ರೆ ಕೈ ಸುಡ್ತಿತ್ತು ಸಾರ್. ಹೋದ್ ವಾರಾನೇ ಹೇಳಿದ್ನಲ್ಲ.”

ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ಪೆನ್ನು ನನ್ನ ಕೈಯಲ್ಲೇ ಇತ್ತು. ಕಾರಣದ ಕಾಲಂನಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಎಂದು ಟೈಪಾಯಿತು. ಅವನ ಅರ್ಧ ದಿನದ ಸಂಬಳ ಹಿಡಿದರು.