ಮುದಿಹಸು ನ್ಯಾಯ: ಹಬ್ಬದ ದಾನಪಾತ್ರ ನಿರ್ಣಯ ಕುರಿತ ಒಂದು ಕಿರುಮೀಮಾಂಸೆ

ವಿಷಯ

ಮೀಮಾಂಸಕರ ಪದ್ಧತಿಯಲ್ಲಿ ಒಂದು ಅಧಿಕರಣಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಯಜ್ಞಯಾಗಗಳ ತೊಡಕು ಬಿಡಿಸಲು ಹುಟ್ಟಿದ ಈ ಚೌಕಟ್ಟನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟಿನ ಪಕ್ಕ ಕೂರುವ ರಟ್ಟಿನ ಡಬ್ಬಕ್ಕೆ ಅನ್ವಯಿಸುವ ಧೈರ್ಯವನ್ನು ವಿದ್ವಾಂಸರು ಈವರೆಗೆ ಮಾಡಿದಂತಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬುತ್ತದೆ.

ಡಬ್ಬದ ಲಕ್ಷಣ ಹೀಗಿದೆ. ಅದು ಗೌರಿಹಬ್ಬದ ಸುಮಾರಿಗೆ ಅವತರಿಸುತ್ತದೆ, ದೀಪಾವಳಿಯ ನಂತರ ಅಂತರ್ಧಾನವಾಗುತ್ತದೆ. ಮೈಮೇಲೆ ಸ್ಕೆಚ್ ಪೆನ್ನಿನಲ್ಲಿ 'ದಾನ' ಎಂಬ ಶಾಸನವಿರುತ್ತದೆ. ಗರ್ಭದಲ್ಲಿ ಝಿಪ್ ಕಿತ್ತ ಜೀನ್ಸ್, ಮುಚ್ಚಳ ಕಳೆದುಕೊಂಡ ಟಿಫಿನ್ ಡಬ್ಬಿ, ಸಿಇಟಿ ಗೈಡಿನ ಎರಡನೇ ಭಾಗ ಮತ್ತು ಒಂಟಿ ಷೂ. 2009ರಿಂದ ನಡೆದುಬಂದಿರುವ 'ದಾನ್ ಉತ್ಸವ್' ಅಕ್ಟೋಬರ್ 2ರಿಂದ 8ರವರೆಗೆ. ಆಯುಧಪೂಜೆಗೆ ಮನೆಯ ಧೂಳು ಹೊಡೆಯುವುದೂ ಹೆಚ್ಚುಕಡಿಮೆ ಅದೇ ಸುಮಾರಿಗೆ. ಇದನ್ನು ಕಾಕತಾಳೀಯ ನ್ಯಾಯವೆಂದು ತಳ್ಳಿಹಾಕುವವರು ಅಟ್ಟ ಖಾಲಿ ಮಾಡಿದ ಅನುಭವವಿಲ್ಲದವರು.

ಸಂಶಯ

ಕೊಡುವುದು ಯಾರಿಗೆ? ಅನಾಥಾಶ್ರಮಕ್ಕೋ, ಗೋಶಾಲೆಗೋ, ಸರ್ಕಾರಿ ಶಾಲೆಗೋ, ಬೀದಿನಾಯಿಗೋ, ಕೆರೆಗೋ?

ಭಗವದ್ಗೀತೆಯ 17ನೇ ಅಧ್ಯಾಯ ಇಲ್ಲಿ ನೆರವಿಗೆ ಬರುತ್ತದೆ. ದೇಶ, ಕಾಲ, ಪಾತ್ರ ನೋಡಿ ಮರಳಿ ಏನನ್ನೂ ಬಯಸದೆ ಕೊಟ್ಟದ್ದು ಸಾತ್ವಿಕ. ಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಅಪಾತ್ರರಿಗೆ, ಅದೂ ಅವಜ್ಞೆಯಿಂದ ಎಸೆದದ್ದು ತಾಮಸ. ಈ ವರ್ಗೀಕರಣಕ್ಕೆ ಲೆಕ್ಕಪರಿಶೋಧಕರು ಬರೆದಿರುವ ಭಾಷ್ಯವೇ ಆದಾಯ ತೆರಿಗೆ ಕಾಯ್ದೆಯ ದಾನ-ವಿನಾಯಿತಿ ಕಲಮು. ಅದರಂತೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿಯಿಲ್ಲ. ವಸ್ತುರೂಪದ ದಾನಕ್ಕಂತೂ ಇಲ್ಲವೇ ಇಲ್ಲ. ಆದ್ದರಿಂದ ಒಂಟಿ ಷೂ ರಾಜಸವಾಗುವ ಪ್ರಶ್ನೆಯೇ ಏಳುವುದಿಲ್ಲ. ಇನ್ನು ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆ ವಿನಾಯಿತಿಯ ಲಾಭವೇ ಸಿಗದು. ಹೀಗೆ ಜ್ಞಾನಮಾರ್ಗ, ಭಕ್ತಿಮಾರ್ಗಗಳಿಂದ ದಕ್ಕದ ನಿಷ್ಕಾಮ ದಾನವನ್ನು ಹಣಕಾಸು ಸಚಿವಾಲಯ ಒಂದೇ ಟಿಕ್ ಗುರುತಿನಲ್ಲಿ ಸಾಧಿಸಿಕೊಟ್ಟಿದೆ.

2013ರ ಕಂಪನಿ ಕಾಯ್ದೆಯ 135ನೇ ಕಲಮು ಮಾತ್ರ ಶಾಸ್ತ್ರಕಾರರನ್ನು ಕಂಗೆಡಿಸುತ್ತದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ವ್ಯಯಿಸಲೇಬೇಕು. ಕೊಡಲೇಬೇಕಾದ ದಾನ ಯಾವ ಗುಣಕ್ಕೆ ಸೇರಿದ್ದು? ಗೀತೆಯಲ್ಲಿ ನಾಲ್ಕನೇ ಗುಣವಿಲ್ಲ.

ಪೂರ್ವಪಕ್ಷ

ಪೂರ್ವಪಕ್ಷಿಯ ವಾದ ಸರಳ: ಕೊಡುವವನಿಗೆ ಖುಷಿಯಾದರೆ ಸಾಕು, ಪಾತ್ರ ತಾನಾಗಿ ಸಿದ್ಧಿಸುತ್ತದೆ. ಅವನ ಬತ್ತಳಿಕೆಯಲ್ಲಿ ಮೂರು ಬಾಣಗಳಿವೆ.

ಮೊದಲನೆಯದು ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿಯದು. ದಾನಿ ಪರರ ಹಿತಕ್ಕಷ್ಟೇ ಕೊಡುವುದಿಲ್ಲ, ಕೊಟ್ಟಾಗ ಎದೆಯೊಳಗೆ ಏಳುವ ಬೆಚ್ಚನೆಯ ಸುಖಕ್ಕಾಗಿಯೂ ಕೊಡುತ್ತಾನೆ ಎಂದು ಆತ 1990ರಲ್ಲಿ ಸಮೀಕರಣ ಸಮೇತ ಪ್ರತಿಪಾದಿಸಿದ. ಫಿಲ್ಟರ್ ಕಾಫಿಯ ಮೊದಲ ಗುಟುಕು ಬಲ್ಲವರಿಗೆ ಸಮೀಕರಣದ ಅಗತ್ಯ ಬೀಳದು.

ಎರಡನೆಯದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಬಾಲೆಯ ಕತೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಆಫ್ರಿಕದ ಲಕ್ಷಾಂತರ ಹಸಿದವರ ಅಂಕಿಅಂಶ ಓದಿದವರು ಕೊಟ್ಟದ್ದು 1.14 ಡಾಲರ್. ಕತೆ, ಅಂಕಿಅಂಶ ಎರಡನ್ನೂ ಕೊಟ್ಟರೆ ದಾನ ಕೂಡಿ ದೊಡ್ಡದಾಗಬೇಕಲ್ಲ? ಆಗ ಬಂದದ್ದು 1.43. ಲೆಕ್ಕ ಕಂಡೊಡನೆ ಕರುಣೆ ಕೈ ಹಿಂದೆಳೆದುಕೊಂಡಿತು. ವಾಟ್ಸಾಪಿನಲ್ಲಿ ಒಂದೇ ಮಗುವಿನ ಫೋಟೋ ಬರುವುದೂ, ಜೊತೆಗೆ ಎಕ್ಸೆಲ್ ಶೀಟ್ ಬಾರದಿರುವುದೂ ಇದರಿಂದ ವಿವರಣೆಗೊಳ್ಳುತ್ತವೆ.

ಮೂರನೆಯ ಬಾಣ ನಮ್ಮ ನೆಲದ್ದೇ, ಅದಕ್ಕೇ ಹೆಚ್ಚು ಚೂಪು. ಹತ್ತನೇ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ತಾಳೆಗರಿಯ ಕಾಲದಲ್ಲಿ ಸಾವಿರ ಪ್ರತಿ! ನಿಮಗೆ ಪುರಾಣ ಬೇಕೋ ರಾಗಿ ಬೇಕೋ ಎಂದು ಊರವರನ್ನು ಕೇಳಿ ಆಕೆ ಸಮೀಕ್ಷೆ ನಡೆಸಿದ ದಾಖಲೆಯಿಲ್ಲ. ಮೆಚ್ಚಿದ್ದಕ್ಕೆ ಕೊಟ್ಟಳು, ಕಾವ್ಯ ಉಳಿಯಿತು. ಕೊಟ್ಟದ್ದು ಹಾಳಾಗದಿರಲು ಅಂದಿನವರು ಕಂಡುಕೊಂಡ ವ್ಯವಸ್ಥೆಯೂ ಗಟ್ಟಿ. ದಾನವನ್ನು ಅಪಹರಿಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಎಷ್ಟೋ ಶಾಸನಗಳು ಕೊನೆಯಲ್ಲಿ ಶಪಿಸುತ್ತವೆ. ಇಂದಿನ ಸಂಸ್ಥೆಗಳು ಇದೇ ಕೆಲಸಕ್ಕೆ ಬಣ್ಣದ ವಾರ್ಷಿಕ ವರದಿ ಅಚ್ಚು ಹಾಕಿಸುತ್ತವೆ. ಭಯ ಹುಟ್ಟಿಸುವುದರಲ್ಲಿ ಅದು ಹುಳುವಿಗೆ ಸಾಟಿಯಲ್ಲ.

ಸಿದ್ಧಾಂತ

ಉತ್ತರಕ್ಕೆ ಕಠೋಪನಿಷತ್ತಿಗೆ ಹೋಗಬೇಕು. ವಾಜಶ್ರವಸ ಸರ್ವಸ್ವವನ್ನೂ ಕೊಡುವ ಯಾಗಕ್ಕೆ ಕುಳಿತ. ದಕ್ಷಿಣೆಗೆ ಹೊರಟ ಹಸುಗಳೋ, ಕುಡಿಯುವ ನೀರು ಕುಡಿದಾಗಿತ್ತು, ಮೇಯುವ ಹುಲ್ಲು ಮೇದಾಗಿತ್ತು, ಕರೆಯುವ ಹಾಲು ಕರೆದಾಗಿತ್ತು. ಕೊಟ್ಟಿಗೆ ಖಾಲಿ ಮಾಡುವ ತುರ್ತು, ಪುಣ್ಯದ ಹೆಸರು. ದಾನಪಾತ್ರವನ್ನು ದಾನಿಯ ಅಟ್ಟ ನಿರ್ಣಯಿಸುವ ಈ ವಿದ್ಯಮಾನಕ್ಕೆ ಪ್ರಸ್ತುತ ಪ್ರಬಂಧ 'ಮುದಿಹಸು ನ್ಯಾಯ' ಎಂದು ನಾಮಕರಣ ಮಾಡುತ್ತದೆ.

ಇದನ್ನು ಪ್ರಶ್ನಿಸಿದ ಮಗ ನಚಿಕೇತನೇ ದಾನ ಕ್ಷೇತ್ರದ ಮೊದಲ ಆಡಿಟರ್. ಮೂರು ಸಲ ಕೇಳಿದ್ದಕ್ಕೆ ಅಪ್ಪ ಅವನನ್ನು ಯಮನಿಗೇ ಕೊಟ್ಟುಬಿಟ್ಟ. ಅಪಾರ್ಟ್‌ಮೆಂಟ್ ಸಮಿತಿಯ ಸಭೆಯಲ್ಲಿ ಡಬ್ಬದ ಬಗ್ಗೆ ಯಾರೂ ತುಟಿ ಬಿಚ್ಚದಿರುವುದಕ್ಕೆ ಈ ಪೂರ್ವನಿದರ್ಶನವೇ ಕಾರಣವಿರಬೇಕು. ಪಡೆಯುವವನಾದರೂ ಕೇಳಬಹುದಿತ್ತು, ಆದರೆ ದಾನದ ಹಸುವಿನ ಹಲ್ಲು ಎಣಿಸಬಾರದೆಂದು ಗಾದೆ ಅವನ ಬಾಯಿಯನ್ನೂ ಕಟ್ಟಿಹಾಕಿದೆ.

ನ್ಯಾಯದ ಬೃಹತ್ ಪ್ರಮಾಣ 2004ರ ಡಿಸೆಂಬರ್ 26ರ ಸುನಾಮಿಯ ನಂತರ ಸಿಕ್ಕಿತು. ದೇಶದ ಅಟ್ಟಗಳೆಲ್ಲ ತಮಿಳುನಾಡಿನ ಕರಾವಳಿಯತ್ತ ಲಾರಿಯಲ್ಲಿ ಹೊರಟವು. ಮೀನುಗಾರರಿಗೆ ಒಗ್ಗದ ಬಟ್ಟೆ ರಸ್ತೆಬದಿ ರಾಶಿ ಬಿತ್ತು. ಅದನ್ನು ವಿಂಗಡಿಸುವ ಕೆಲಸಕ್ಕೆ ಕೈಹಾಕಿದವರಲ್ಲಿ 'ಗೂಂಜ್' ಒಂದು. ಅಂಶು ಗುಪ್ತಾ 1999ರಲ್ಲಿ ಮನೆಯ 67 ಬಟ್ಟೆಗಳಿಂದ ಶುರುಮಾಡಿದ ಈ ಸಂಸ್ಥೆ ಹಳೇ ಹತ್ತಿಬಟ್ಟೆಯನ್ನು ಒಗೆದು, ಕತ್ತರಿಸಿ, ಮುಟ್ಟಿನ ಪ್ಯಾಡ್ ಮಾಡಿತು. ಗುಪ್ತಾಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಟ್ಟೆ ಅದೇ ಹಳೆಯದು. ಯಾರಿಗೆ ಏನು ಬೇಕೆಂದು ಮೊದಲು ವಿಚಾರಿಸಿದ್ದಷ್ಟೇ ಹೊಸದು.

ಹಾಗಾದರೆ ತನಗೆ ಬೇಡವಾದುದನ್ನು ಕೊಡುವುದೇ ದೋಷವೆ? ಅಲ್ಲ ಎನ್ನುವುದಕ್ಕೆ ಕನ್ನಡನಾಡೇ ಸಾಕ್ಷಿ. 2021ರ ಅಕ್ಟೋಬರ್ 29ರಂದು, ದೀಪಾವಳಿಗೆ ವಾರವಿರುವಾಗ, ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ತಂದೆ ರಾಜ್‌ಕುಮಾರ್ 2006ರಲ್ಲಿ ಬಿಟ್ಟುಹೋದಂತೆ ಮಗನೂ ಕಣ್ಣು ಬಿಟ್ಟುಹೋದರು. ವೈದ್ಯರು ಕಾರ್ನಿಯಾವನ್ನು ಪದರ ಬಿಡಿಸಿ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಸತ್ತವನಿಗೆ ಕಣ್ಣಿಗಿಂತ ಬೇಡವಾದ ವಸ್ತು ಯಾವುದಿದೆ? ಇಲ್ಲಿ ಮುದಿಹಸು ನ್ಯಾಯ ಮುಗ್ಗರಿಸುತ್ತದೆ. ಪ್ರಬಂಧ ಅದನ್ನು ಅಡಗಿಸಿಡುವುದಿಲ್ಲ.

ಸಂಗತಿ

ಕಾಲವಿಚಾರ ಉಳಿಯಿತು. ದಾನಿಯ ಪಂಚಾಂಗ ಹಬ್ಬದಿಂದ ಹಬ್ಬಕ್ಕೆ ಹಾರುತ್ತದೆ. ಸಂಗ್ರಹಿಸಿಟ್ಟ ರಕ್ತದ ಪ್ಲೇಟ್‌ಲೆಟ್‌ಗಳ ಆಯುಸ್ಸು ಐದು ದಿನ, ಕೆಂಪುಕಣಗಳದ್ದು ಹೆಚ್ಚೆಂದರೆ 42 ದಿನ. ರಾಜ್ಯೋತ್ಸವದ ಶಿಬಿರದಲ್ಲಿ ಕೊಟ್ಟ ರಕ್ತ ಯುಗಾದಿಯವರೆಗೆ ಕಾಯದು. ಹೋಳಿಗೆಗೆ ಅಷ್ಟೂ ತಾಳ್ಮೆಯಿಲ್ಲ. ದೀಪಾವಳಿಯ ದಿನ ಊಟದ ಪ್ರಾಯೋಜಕರು ಮೂವರಾದರೆ ಆಶ್ರಮದ ಮಕ್ಕಳು ಮೂರು ಸಲ ಹೋಳಿಗೆ ತಿನ್ನಬೇಕು, ಮೂರು ಸಲ ಫೋಟೋಕ್ಕೆ ನಗಬೇಕು. ವಾರ್ಡನ್ ಅವರನ್ನು ಕೇಳಿದರೆ ಪಟ್ಟಿ ಬೇರೆಯೇ: ಕರೆಂಟ್ ಬಿಲ್ಲು, ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ರಿವೈಂಡಿಂಗ್, ಸೊಳ್ಳೆಪರದೆ, ಜುಲೈ ತಿಂಗಳ ಒಂದು ಮಾಮೂಲಿ ಮಂಗಳವಾರದ ಅಕ್ಕಿ. ಕರೆಂಟ್ ಬಿಲ್ಲಿನ ಜೊತೆ ಸೆಲ್ಫಿ ಚೆನ್ನಾಗಿ ಬರುವುದಿಲ್ಲ ಎಂಬುದೇ ಇದರ ಏಕೈಕ ಶಾಸ್ತ್ರೀಯ ದೋಷ.

ಬಲಿಪಾಡ್ಯಮಿಯ ಮರುದಿನ ಡಬ್ಬ ತೆರವಾಗುತ್ತದೆ. ವ್ಯಾನಿನವರು ಒಳಗಿನದ್ದನ್ನು ಗೋಣಿಚೀಲಕ್ಕೆ ಸುರಿದುಕೊಂಡು ಹೋಗುತ್ತಾರೆ. ಎರಡು ತಿಂಗಳು ಪಕ್ಕದಲ್ಲೇ ಕೂತಿದ್ದ, ಏನು ಬೇಕೆಂದು ಯಾರೂ ಕೇಳದಿದ್ದ ವಾಚ್‌ಮನ್, ಖಾಲಿ ಡಬ್ಬದ ಟೇಪು ಬಿಚ್ಚಿ, ಬಿಡಿಸಿ, ರಾತ್ರಿಪಾಳಿಗೆ ನೆಲದ ಥಂಡಿ ತಡೆಯಲು ಕುರ್ಚಿಯ ಕೆಳಗೆ ಹಾಸಿಕೊಳ್ಳುತ್ತಾನೆ. 'ದಾನ' ಎಂಬ ಬರಹ ಅವನ ಕಾಲಿನಡಿಗೆ ಬರುತ್ತದೆ.