ಫಾರ್ಮ್ಯಾಟ್ ಪಟೇಲ

ನಿಜಾಮನ ಕಾಲದಲ್ಲಿ ನಮ್ಮ ಕಡೆ ಊರಿಗೆ ಇಬ್ಬರು ಪಟೇಲರು. ಕಂದಾಯಕ್ಕೆ ಮಾಲಿ ಪಟೇಲ, ಕಳ್ಳಕಾಕರಿಗೆ ಪೋಲೀಸ್ ಪಟೇಲ. ದಫ್ತರ ಬರೆಯಲು ಪಟವಾರಿ ಬೇರೆ. ಆ ವತನವೆಲ್ಲ ಎನ್.ಟಿ. ರಾಮರಾವ್ ಮುಖ್ಯಮಂತ್ರಿ ಆದಾಗ ಮುಗಿದುಹೋಯಿತು. ಆದರೆ ಪಟೇಲನಿಲ್ಲದೆ ಊರು ಎಷ್ಟು ದಿನ ಇದ್ದೀತು? ನಾಗಲಗಿದ್ದದಲ್ಲಿ ಬಸ್ಸು ನಿಲ್ಲುವ ಜಾಗದ ಮಗ್ಗುಲಿಗೆ ಝೆರಾಕ್ಸ್ ಅಂಗಡಿ ಇಟ್ಟ ಒಬ್ಬಾತನಿಗೆ ಜನ ಯಾವ ಫರ್ಮಾನೂ ಇಲ್ಲದೆ ಆ ಪದವಿ ದಯಪಾಲಿಸಿದ್ದಾರೆ: ಫಾರ್ಮ್ಯಾಟ್ ಪಟೇಲ.

ಇಂಥವರು ನಾಗಲಗಿದ್ದದ ಸ್ವಂತ ಬೆಳೆಯೇನಲ್ಲ. ನಾರಾಯಣಖೇಡದಲ್ಲಿ ಇಬ್ಬರು ಮೂವರಿದ್ದಾರೆ. ಜಹೀರಾಬಾದಿನಲ್ಲಿ ಓಣಿಗೊಬ್ಬ. ತಾಂಡೂರಿನಲ್ಲಿ ಪರಸಿ ಕಲ್ಲಿನ ಧೂಳು ದಿನಕ್ಕೆರಡು ಸಲ ಕಂಪ್ಯೂಟರಿನ ಹೊಟ್ಟೆ ಸೇರುವುದರಿಂದ ಅಲ್ಲಿಯವರಿಗೆ ಬ್ಲೋವರ್ ಊದುವ ಆದಾಯ ಹೆಚ್ಚುವರಿ. ತೆಲಂಗಾಣದ ಗಡಿ ದಾಟಿ ಔರಾದಕ್ಕೆ ಹೋದರೂ ಇದೇ ಮುಖ, ಇದೇ ತಿರುಗುವ ಕುರ್ಚಿ, ಕುರ್ಚಿಯ ಇದೇ ಹರಿದ ರೆಕ್ಸಿನ್. ಕೊರಳಲ್ಲಿ ಶಿವದಾರದಂಥ ದಾರ, ಅದಕ್ಕೆ ತೂಗುಬಿದ್ದ ಪೆನ್‌ಡ್ರೈವ್. ಬಡಿಗ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ ಕಿವಿಯ ಸಂದಿಯಲ್ಲಿ ಸ್ಕ್ರೂಡ್ರೈವರ್. ಬೋರ್ಡಿನ ಮೇಲೆ ಆಧಾರ್, ಪ್ಯಾನ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೊ, ಲಗ್ನಪತ್ರಿಕೆ ಎಲ್ಲ ದಪ್ಪಕ್ಷರದಲ್ಲಿ. ಕೊನೆಗೆ ಜಾಗ ಸಾಲದೆ ಇರುವೆ ಸಾಲಿನಂತೆ ‘ಸಿಸ್ಟಮ್ ರಿಪೇರಿ’. ಅವನ ಜೀವ ಇರುವುದು ಆ ಇರುವೆ ಸಾಲಿನಲ್ಲಿ.

ಅವನ ಹತ್ತಿರ ಮೂರು ಮದ್ದು. ಮೊದಲನೆಯದು ರಬ್ಬರು. ಕಂಪ್ಯೂಟರಿಗೆ ಏನೇ ಆಗಿರಲಿ, ಪ್ರಿಂಟರಿನ ಶಾಯಿ ಮುಗಿದಿರಲಿ, ಮೊದಲು ಡಬ್ಬಿಯ ಪಕ್ಕೆ ಬಿಚ್ಚಿ, ರ‍್ಯಾಮ್ ಪಟ್ಟಿಯನ್ನು ಟಕ್ಕನೆ ಎತ್ತಿ, ಅದರ ಚಿನ್ನದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜುತ್ತಾನೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಉಫ್ ಎಂದು ಊದುತ್ತಾನೆ. ಮತ್ತೆ ಸಿಕ್ಕಿಸಿ ಎರಡು ಹೆಬ್ಬೆರಳಿನಿಂದ ಒತ್ತಿದಾಗ ಬರುವ ಆ ‘ಟಕ್’ ಕೇಳಿದರೆ ಸಾಕು, ನೋಡುವವರಿಗೂ ಎದೆ ಹಗುರಾಗುತ್ತದೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಪರದೆ ಕಪ್ಪಾಗಿ ಕೂತ ಎಷ್ಟೋ ಕಂಪ್ಯೂಟರುಗಳು ಈ ರಬ್ಬರಿಗೆ ಎದ್ದು ಕೂತಿವೆ. ಎರಡನೆಯ ಮದ್ದು ಟೆಂಪ್ ಫೈಲುಗಳನ್ನು ಗುಡಿಸುವುದು. ಅದರಿಂದ ಯಾರಿಗೂ ಗುಣವಾಗಿದ್ದು ಕಂಡಿಲ್ಲ, ಆದರೆ ಸಾವಿರ ಫೈಲು ಅಳಿಸಿದ್ದು ಕಣ್ಣಿಗೆ ಕಾಣುತ್ತದಾದ್ದರಿಂದ ಗಿರಾಕಿಗೆ ಸಮಾಧಾನ.

ಮೂರನೆಯದು ಬ್ರಹ್ಮಾಸ್ತ್ರ: ಫಾರ್ಮ್ಯಾಟ್. ಪಟೇಲನಿಗೆ ನಾಲ್ಕು ಭಾಷೆ ಬರುತ್ತವೆ, ಗಿರಾಕಿಯ ಮುಖ ನೋಡಿ ಬದಲಿಸುತ್ತಾನೆ. ತೆಲುಗಿನವರಿಗೆ ‘ಫಾರ್ಮ್ಯಾಟ್ ಕೊಟ್ಟಾಲೆ’, ಸಾಬರಿಗೆ ‘ಫಾರ್ಮ್ಯಾಟ್ ಮಾರ್‌ನಾ ಪಡತಾ’, ದೇಗಲೂರು ಕಡೆಯ ಬೀಗರಿಗೆ ‘ಫಾರ್ಮ್ಯಾಟ್ ಮಾರಾವ ಲಾಗತೆ’, ನಮಗೆ ‘ಫಾರ್ಮ್ಯಾಟ್ ಹೊಡೀಬೇಕಾತದ’. ಗಮನಿಸಿ, ನಾಲ್ಕೂ ಭಾಷೆಯಲ್ಲಿ ಕೆಲಸ ಒಂದೇ: ಹೊಡೆತ. ಮಾಡುವುದೂ ಅಲ್ಲ, ಹಾಕುವುದೂ ಅಲ್ಲ. ಗಡಿಯ ಜನ ಬೇರೆ ಯಾವುದರಲ್ಲೂ ಇಷ್ಟು ಒಮ್ಮತಕ್ಕೆ ಬಂದದ್ದು ನಾನು ಕಾಣೆ.

ನನ್ನ ಪೀಡೆಗೆ ಬರುತ್ತೇನೆ. ತಮ್ಮನ ಮಗಳ ಮದುವೆ ಫೋಟೊ ಒಂದು ಕೆಂಪು ಪೆನ್‌ಡ್ರೈವಿನಲ್ಲಿ ಬಂದವು. ತೆರೆದರೆ ಫೋಟೊಗಳ ಫೋಲ್ಡರಿನ ಬದಲು ಮೂಲೆಯಲ್ಲಿ ಬಾಣವಿರುವ ಒಂದು ಶಾರ್ಟ್‌ಕಟ್. ಮದುಮಗಳ ಮುಖ ನೋಡುವ ಅವಸರಕ್ಕೆ ಅದನ್ನೇ ಒತ್ತಿದೆ. ಫೋಟೊಗಳೂ ಕಂಡವು, ಹಿಂದಿನ ಬಾಗಿಲಿನಿಂದ ಇನ್ನೇನೋ ಒಳಗೆ ಬಂತು. ಎರಡು ದಿನಕ್ಕೆ ಆಂಟಿವೈರಸ್ ಅದನ್ನು ಹಿಡಿದು ಕೊಂದೆನೆಂದು ಹಸಿರು ಬಣ್ಣದಲ್ಲಿ ಸಾರಿತು. ಮುಗಿಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ನಟ್ಟನಡುವೆ ಒಂದು ಪೆಟ್ಟಿಗೆ. ತಲೆಗೆ ‘ರನ್‌ಡಿಎಲ್‌ಎಲ್’ ಎಂಬ ಹೆಸರು. ಒಳಗೆ, ಇಂಥಿಂಥ ಫೈಲು ಶುರು ಮಾಡಲು ತೊಂದರೆಯಾಗಿದೆ, ಹೇಳಿದ ಮಾಡ್ಯೂಲ್ ಸಿಗುತ್ತಿಲ್ಲ ಎಂಬ ವರದಿ. ಓಕೆ ಒತ್ತಿದರೆ ಹೋಗುತ್ತದೆ, ನಾಳೆ ಹಾಲಿನವನಿಗಿಂತ ಮುಂಚೆ ಬರುತ್ತದೆ.

ಸತ್ತವನನ್ನು ಯಾಕೆ ಕರೆಯುತ್ತಿದೆ ಇದು?

ಯೋಚಿಸಿದರೆ ವಿಷಯ ಸರಳ. ಕಳ್ಳ ಒಳಗೆ ಬಂದವನು ಎರಡು ಕೆಲಸ ಮಾಡಿರುತ್ತಾನೆ. ಒಂದು, ತಾನು ಒಂದು ಮೂಲೆಯಲ್ಲಿ ಅಡಗುವುದು. ಎರಡು, ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಎಂದು ಮನೆಯ ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಬರೆಯುವುದು. ಆ ಪುಸ್ತಕಕ್ಕೆ ರಿಜಿಸ್ಟ್ರಿ ಎಂದು ಹೆಸರು. ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್ ಎಂದು ಜಿಲ್ಲೆ, ತಾಲೂಕು, ಹೋಬಳಿ ದಾಟಿ ಹೋದರೆ ಕೊನೆಗೆ ‘ರನ್’ ಎಂಬ ಓಣಿ ಸಿಗುತ್ತದೆ. ಆಂಟಿವೈರಸ್ ಕಳ್ಳನನ್ನು ಒಯ್ದಿತು, ಪುಸ್ತಕದ ಹೆಸರು ಹೊಡೆದುಹಾಕಲು ಮರೆಯಿತು. ಇನ್ನು ರನ್‌ಡಿಎಲ್‌ಎಲ್ ಎಂಬುದು ವಿಂಡೋಸಿನದೇ ಪ್ರಾಮಾಣಿಕ ಜವಾನ. ಚೀಟಿಯಲ್ಲಿ ಬರೆದ ಹೆಸರು ಕೂಗುತ್ತಾನೆ, ಯಾರೂ ಓಗೊಡದಿದ್ದರೆ ಬಂದು ಇಲ್ರೀ ಎನ್ನುತ್ತಾನೆ. ಅಷ್ಟೇ ಅವನ ತಪ್ಪು.

ಕಂಪ್ಯೂಟರನ್ನು ಅಂಗಡಿಗೆ ಹೊತ್ತೊಯ್ದು ಇದನ್ನು ಪಟೇಲನ ಮುಂದೆ ಹೇಳಿದೆ. ಅವನು ಪೆಟ್ಟಿಗೆಯ ಹಣೆಬರಹ ಓದಿ, “ಇದಾ ನೋಡ್ರಿ ವೈರಸ್, ರನ್‌ಡಿಎಲ್‌ಎಲ್. ಭಾಳ ಖರಾಬ್ ಅದ. ಸಂಗಾರೆಡ್ಡಿ ತನಕಾ ಬಂದದ,” ಎಂದು ಜವಾನನನ್ನೇ ಜೈಲಿಗೆ ಹಾಕಿಬಿಟ್ಟ. ಆಮೇಲೆ ರಬ್ಬರಿಗೆ ಕೈ ಹಾಕಿದ.

ವೈರಸ್ ವಿಷಯದಲ್ಲಿ ಪಟೇಲನದು ಪಕ್ಕಾ ಸಿದ್ಧಾಂತ: ಆಂಟಿವೈರಸ್ ಮಾರುವವರೇ ವೈರಸ್ ಮಾಡಿ ಬಿಡುತ್ತಾರೆ. ನಾನು ಲಾಹೋರಿನ ಕಥೆ ಹೇಳಿದೆ. 1986ರಲ್ಲಿ ಅಲ್ಲಿಯ ಅಣ್ಣತಮ್ಮ ಇಬ್ಬರು ‘ಬ್ರೇನ್’ ಎಂಬುದನ್ನು ಬರೆದರು, ಪಿಸಿ ಕಂಪ್ಯೂಟರಿಗೆ ಬಿದ್ದ ಮೊದಲ ವೈರಸ್ ಎಂದು ಅದಕ್ಕೇ ಹೆಸರು. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಇಟ್ಟಿದ್ದರು. ಪಟೇಲ ಮೆಚ್ಚಿದ. “ಬರಾಬರ್ ಮಂದಿ. ವಿಸಿಟಿಂಗ್ ಕಾರ್ಡ್ ಕೊಟ್ಟ ಹೋಗ್ಯಾರ.” ನನ್ನ ಮನೆ ಹೊಕ್ಕಿದ್ದಕ್ಕೆ ಅಂಥ ಮರ್ಯಾದೆ ಎಲ್ಲಿ? ಅದರ ಹೆಸರು ಕೂಸು ಕೀಬೋರ್ಡಿನ ಮೇಲೆ ಅಂಬೆಗಾಲಿಟ್ಟ ಹಾಗೆ ಹನ್ನೊಂದು ಅಕ್ಷರ, ಒಂದೂ ಸ್ವರವಿಲ್ಲ.

“ಅದೆಲ್ಲಾ ಇರ್ಲಿರಿ, ಫಾರ್ಮ್ಯಾಟ್ ಹೊಡೀತೀನಿ. 300 ರೂಪಾಯಿ. ಸಂಜೀಕ ಬರ್ರಿ.”

ನಾನು ಬಿಡಲಿಲ್ಲ. ಹಿಂದೊಮ್ಮೆ ಇಂಥದೇ ಸಂಜೆಗೆ ಬಂದಾಗ ನುಡಿ ತಂತ್ರಾಂಶವೂ ಇಲ್ಲ, ಅದರಲ್ಲಿ ಬರೆದಿಟ್ಟ ಹತ್ತು ವರ್ಷದ ಕಾಗದಪತ್ರವೂ ಇಲ್ಲ, ಪರದೆಯ ಮೇಲೆ ಹಸಿರು ಗುಡ್ಡ ಮಾತ್ರ ಇತ್ತು. ಒಂದು ಸಾಲು ಅಳಿಸುವುದಕ್ಕೆ ಊರಿಗೆ ಊರನ್ನೇ ಯಾಕಪ್ಪ ಸುಡುತ್ತಿ ಎಂದೆ. ಆಗ ಪಟೇಲ ಮೊದಲ ಸಲ ದನಿ ತಗ್ಗಿಸಿದ. ರಬ್ಬರು ಬದಿಗಿಟ್ಟು, ಎಂದೂ ಹೇಳದ ಒಂದು ಸೋಲಿನ ಕಥೆ ಹೇಳಿದ.

ಹೊಸದಾಗಿ ಅಂಗಡಿ ಇಟ್ಟ ಕಾಲ. ಒಬ್ಬ ಗುತ್ತೇದಾರರ ಕಂಪ್ಯೂಟರಿನಲ್ಲಿ ಇಂಥದೇ ಹೆಣ. ಇವನು ಉಮೇದಿನಿಂದ ರಿಜಿಸ್ಟ್ರಿಯೊಳಗೆ ಇಳಿದ. ‘ಯೂಸರ್‌ಇನಿಟ್’ ಎಂಬಲ್ಲಿ ಒಂದು ಸಾಲು. ಮೊದಲು ವಿಂಡೋಸಿನ ಸ್ವಂತ ಫೈಲು, ಆಮೇಲೆ ಕಾಮಾ, ಕಾಮಾದ ಆಚೆ ಕಳ್ಳನ ಹೆಸರು. ಕಾಮಾದ ಆಚೆಯದನ್ನಷ್ಟೇ ತೆಗೆಯಬೇಕಿತ್ತು. ಇವನು ಇಡೀ ಸಾಲು ತೆಗೆದ. “ಆಮ್ಯಾಲ ನೋಡ್ರಿ ಮಜಾ. ಪಾಸ್‌ವರ್ಡ್ ಕೇಳ್ತು, ಕೊಟ್ಟೆ. ಒಳಗ ಬಾ ಅಂತು. ಬಂದ ಕೂಡ್ಲೆ ಹೋಗು ಅಂತು. ಮತ್ತ ಬಾ, ಮತ್ತ ಹೋಗು. ಹಗಲೆಲ್ಲಾ ಇದಾ. ಬೀಗರ ಮನೀ ಗತೆ.” ಗುತ್ತೇದಾರರು ಬಾಗಿಲಲ್ಲಿ ನಿಂತು ಬೈದದ್ದನ್ನು ಅವನು ಮೂರು ಭಾಷೆಯಲ್ಲಿ ಅನುವಾದಿಸಿ ಹೇಳಿದ. “ಅವತ್ತಿಂದ ರಿಜಿಸ್ಟ್ರಿಗಿ ಕೈ ಹಚ್ಚಿಲ್ರಿ. ಫಾರ್ಮ್ಯಾಟ್ ಹೊಡದ್ರ ಎಲ್ಲಾ ಹೋತದ ಖರೆ, ಆದ್ರ ಎಲ್ಲಾದೂ ಚಾಲೂ ಆತದ.”

ಅಲ್ಲಿಯವರೆಗೆ ನಾನು ಅವನನ್ನು ಬರೀ ಸೋಮಾರಿ ಅಂದುಕೊಂಡಿದ್ದೆ.

ಅಷ್ಟರಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜ ಬಂದರು. ಕಂಕುಳಿನ ಗಂಟು ಬಿಚ್ಚಿ ಒಂದು ಹಳೆಯ ಕಾಗದ ಮೇಜಿನ ಮೇಲೆ ಹಾಸಿದರು. ಮಡಿಕೆ ಮಡಿಕೆಗೂ ಹರಿದು, ಹಿಂದೆ ಗೋಂದಿನ ಪಟ್ಟಿ ಹಚ್ಚಿದ್ದು. ಉರ್ದು ಬರಹ. ಹೊಲದ ಕಾಗದ, ಝೆರಾಕ್ಸ್ ಬೇಕು. ಪಟೇಲನಿಗೆ ಉರ್ದು ಮಾತು ಬರುತ್ತದೆ, ಓದಲು ಬಾರದು. ಅಜ್ಜ ಬಲದಿಂದ ಎಡಕ್ಕೆ ಬೆರಳು ಎಳೆಯುತ್ತ ಓದಿದರು: “ತಾಲೂಕಾ ನಾರಾಯಣಖೇಡ, ಜಿಲ್ಲಾ ಬೀದರ್.”

ಬೀದರ್! 1956ರ ನವೆಂಬರ್ 1ಕ್ಕೆ ಖೇಡ ತಾಲೂಕು ಬೀದರ ಬಿಟ್ಟು ಮೇದಕ ಜಿಲ್ಲೆ ಸೇರಿತು. 2016ರಲ್ಲಿ ಮೇದಕವನ್ನೂ ಒಡೆದು ಸಂಗಾರೆಡ್ಡಿ ಮಾಡಿದರು. ನಾಗಲಗಿದ್ದ ಮಂಡಲ ಆದದ್ದೂ ಆಗಲೇ. ಅಜ್ಜ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದಲ್ಲಿ, ಮಕ್ಕಳನ್ನು ಹೆತ್ತದ್ದು ಆಂಧ್ರಪ್ರದೇಶದಲ್ಲಿ, ಈಗ ಪಿಂಚಣಿ ತಿನ್ನುವುದು ತೆಲಂಗಾಣದಲ್ಲಿ. ಮನೆಯ ಕಟ್ಟೆ ಒಂದು ಗೇಣೂ ಸರಿದಿಲ್ಲ.

ನನಗೆ ಉದಾಹರಣೆ ಸಿಕ್ಕಿತು. “ನೋಡು ಪಟೇಲ, ಬೀದರ್ ಹೋಗಿ ಎಷ್ಟು ವರ್ಷ ಆತು? ಕಾಗದ ಇನ್ನಾ ಬೀದರ್ ಬೀದರ್ ಅಂತ ಕೂಗ್ಲತದ. ನನ್ನ ಕಂಪ್ಯೂಟರಿಂದೂ ಹಂಗೇ. ಕೂಗೂದು ನಿಲ್ಲಿಸಿದ್ರ ಮುಗೀತು.”

ಪಟೇಲ ಕಾಗದ ನೋಡಿದ, ಅಜ್ಜನನ್ನು ನೋಡಿದ. “ಅಂದ್ರ ಈ ಕಾಗದ ಹರೀ ಅಂತೀರಿ?”

ಅಜ್ಜ ಸರಕ್ಕನೆ ಕಾಗದ ಎಳೆದುಕೊಂಡರು. ಅವರನ್ನು ಸಮಾಧಾನ ಮಾಡಲು ಒಂದು ಚಹಾ ತರಿಸಬೇಕಾಯಿತು, ನನ್ನ ಖರ್ಚಿನಲ್ಲಿ.

ಆದರೆ ಆ ಪ್ರಶ್ನೆಗೆ ಉತ್ತರ ನನ್ನ ಜೇಬಿನಲ್ಲೇ ಇತ್ತು. ‘ಆಟೋರನ್ಸ್’ ಎಂಬ ಪುಕ್ಕಟೆ ಸಾಧನ. ಮಾರ್ಕ್ ರಸಿನೋವಿಚ್, ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು ಮಾಡಿದ್ದು. 2006ರಲ್ಲಿ ಅವರ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡಿತು. ಕಂಪ್ಯೂಟರ್ ಎದ್ದಾಗ ಯಾರು ಯಾರನ್ನು ಕರೆಯಬೇಕೆಂದು ರನ್ ಓಣಿಯಲ್ಲಿ, ಸ್ಟಾರ್ಟಪ್ ಫೋಲ್ಡರಿನಲ್ಲಿ, ಟಾಸ್ಕ್ ಶೆಡ್ಯೂಲರಿನಲ್ಲಿ, ಇನ್ನೂ ಎಲ್ಲೆಲ್ಲಿ ಬರೆದಿದೆಯೋ ಅಷ್ಟನ್ನೂ ಒಂದೇ ಚಾಪೆಯ ಮೇಲೆ ತಂದು ಹಾಸುತ್ತದೆ. ಹೆಸರಿದ್ದು ಫೈಲು ಇಲ್ಲದವಕ್ಕೆ ಅರಿಸಿನ ಬಳಿದು ತೋರಿಸುತ್ತದೆ. ಮುಖ್ಯ ಗುಣ ಮುಂದಿದೆ: ಸಾಲು ಅಳಿಸಬೇಕಿಲ್ಲ. ಎದುರಿನ ರೈಟ್ ಗುರುತು ತೆಗೆದರೆ ಸಾಕು, ಅದನ್ನು ಎತ್ತಿ ಬೇರೆ ಕಟ್ಟಿನಲ್ಲಿ ಇಡುತ್ತದೆ. ತಪ್ಪಾಯಿತು ಅನಿಸಿದರೆ ಮತ್ತೆ ಗುರುತು ಹಾಕಬಹುದು.

“ಹರೀಬ್ಯಾಡ. ಟ್ರಂಕಿನಾಗ ಇಡು,” ಎಂದೆ.

ಪಟೇಲ ನಂಬದ ಕಣ್ಣಿನಿಂದ ಇಲಿಯನ್ನು ಹಿಡಿದ. ಪಟ್ಟಿಯ ನಡುವೆ ಹಳದಿಯಲ್ಲಿ ಅದೇ ಹನ್ನೊಂದು ಅಕ್ಷರ. ಕಾಮಾ ಎಲ್ಲಾದರೂ ಇದೆಯೇ ಎಂದು ಮೂಗು ಪರದೆಗೆ ತಾಗುವಷ್ಟು ಬಗ್ಗಿ ಹುಡುಕಿದ. ಇಲ್ಲ ಎಂದು ಖಾತ್ರಿಯಾದ ಮೇಲೆ, ಶಿವನೇ ಎಂದು ಗುರುತು ತೆಗೆದ. ಬಂದ್ ಮಾಡಿ ಹಚ್ಚಿದೆವು. ಚಹಾದ ಕಪ್ಪು ಕೈಯಲ್ಲೇ ಹಿಡಿದು ಅಜ್ಜನೂ ನೋಡುತ್ತಿದ್ದರು. ಪೆಟ್ಟಿಗೆ ಬರಲಿಲ್ಲ. ಜವಾನ ಯಾರನ್ನೂ ಕೂಗಲಿಲ್ಲ.

“300,” ಎಂದ ಪಟೇಲ.

“ಫಾರ್ಮ್ಯಾಟ್ ಹೊಡದಿಲ್ಲಲ್ಲ?”

“ಹೊಡದಿಲ್ಲ. ಉಳಿಸೀನಿ. ಉಳಿಸಿದ್ದಕ್ಕ ಜಾಸ್ತಿ ಕೇಳಬೇಕು, ನಿಮ್ಮ ಮಾರಿ ನೋಡಿ ಅಷ್ಟಾ ಅಂದೀನಿ.” ಎಣಿಸಿ ಕೊಟ್ಟೆ. “ಆ ಸಾಮಾನ ನನಗೂ ಹಾಕಿ ಕೊಡ್ರಿ,” ಎಂದು ನನ್ನ ಪೆನ್‌ಡ್ರೈವ್ ಇಸಕೊಂಡು ತನ್ನ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿದ. ಎರಡು ಸಲ ಏನನ್ನೋ ಒತ್ತಿದ. ಮೂಲೆಯಲ್ಲಿ ಟಿಂಗ್ ಎಂದು ಆಂಟಿವೈರಸ್ ಏನೋ ಹೇಳಲು ಬಂತು. ಓದದೆ ಅದರ ಬಾಯಿ ಮುಚ್ಚಿದ. “ಬಂತ್ರಿ,” ಎಂದು ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲಿಟ್ಟ. ಅದೇ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ನಾಲ್ಕು ಸಲ ಕೂಗಿ ಪ್ರಾಣ ಬಿಟ್ಟಿತು. ಹತ್ತು ನಿಮಿಷಕ್ಕೆ ಕರೆಂಟು ಬಂದು ಅವನ ಯಂತ್ರ ಮತ್ತೆ ಎದ್ದಿತು.

ಪರದೆಯ ಮೇಲೆ ಒಂದು ಪೆಟ್ಟಿಗೆ. ಪಟೇಲ ಅಜ್ಜನ ಕಾಗದವನ್ನು ಗಾಜಿನ ಮೇಲೆ ನೆಟ್ಟಗೆ ಮಾಡುತ್ತಲೇ, ತಿರುಗಿ ನೋಡದೆ ಎಡಗೈಯಿಂದ ಎಂಟರ್ ಒತ್ತಿದ. ಎರಡನೆಯ ಪೆಟ್ಟಿಗೆ. ಎಂಟರ್. ಮೂರು, ನಾಲ್ಕು, ಐದು. ತಬಲಾದವನ ಬೆರಳು ಆಡುವ ಹಾಗೆ ಆಡುತ್ತಿತ್ತು. ಆರು. ಕೈ ಹಿಂದಕ್ಕೆ ತೆಗೆದುಕೊಂಡ. ಅವನ ಲೆಕ್ಕ ಆರಕ್ಕೆ ಮುಗಿದಿತ್ತು.

ಏಳನೆಯದು ಬಂತು.

ಪಟೇಲ ತಿರುಗಿದ. ಕಣ್ಣು ಕಿರಿದು ಮಾಡಿ ಹೆಸರು ಓದಲು ನೋಡಿದ. ಹನ್ನೊಂದು ಅಕ್ಷರ, ಒಂದೂ ಸ್ವರವಿಲ್ಲ.

“ಇದ್ಯಾರ್ರೀ ಹೊಸದಾಗಿ ಬಂದಾರ?” ಎಂದ. ಆಮೇಲೆ ಅವನ ಕಣ್ಣು ಮೇಜಿನ ಮೇಲಿನ ಕೆಂಪು ಪೆನ್‌ಡ್ರೈವಿನ ಮೇಲೆ ಬಿತ್ತು. “ಈ ಪೆನ್‌ಡ್ರೈವ್ ಯಾರ್ದು?”

ಅಜ್ಜ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ಬೆರಳು ತೋರಿಸುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಯಾಗಿತ್ತು.