ಸೀಸದ ಸೀನಣ್ಣ

ಡಲ್ಲಾಸ್ ಸುತ್ತಮುತ್ತಲ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಪ್ಲೇನೊದಲ್ಲಿ ಒಬ್ಬರು, ಫ್ರಿಸ್ಕೊದಲ್ಲಿ ಇಬ್ಬರು, ಅರ್ವಿಂಗ್‌ನಲ್ಲಿ ಲೆಕ್ಕ ಇಟ್ಟವರಿಲ್ಲ. ಎಲ್ಲರಿಗೂ ಸೇರಿಸಿ ಸೀನಣ್ಣ ಎಂದು ಒಂದೇ ಹೆಸರಿಟ್ಟುಬಿಟ್ಟರೆ ಯಾರಿಗೂ ಬೇಜಾರಿರುವುದಿಲ್ಲ. ಈ ಸೀನಣ್ಣನ ಹೆಸರಿನ ಹಿಂದೆ ಸದಾ ಒಂದು ಬಿರುದು ಅಂಟಿಕೊಂಡಿರುತ್ತದೆ, ವರ್ಷ ಎರಡು ವರ್ಷಕ್ಕೊಮ್ಮೆ ಅದು ಬದಲಾಗುತ್ತದೆ. ಕೋವಿಡ್ ಕಾಲದಲ್ಲಿ ಅವರು ಬ್ರೆಡ್ ಸೀನಣ್ಣ. ಆಮೇಲೆ ಟೆಲಿಸ್ಕೋಪ್ ಸೀನಣ್ಣ. ಕನ್ನಡ ಸಂಘದ ದೀಪಾವಳಿಗೆ ಬಂದವರನ್ನೆಲ್ಲ ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಬಿಸಿಬೇಳೆಬಾತು ಆರಿ ಗಟ್ಟಿಯಾಗುವವರೆಗೂ ಶನಿಯ ಬಳೆ ತೋರಿಸಿದ ಪುಣ್ಯಾತ್ಮರು ಅವರೇ. ಈಗ ಅವರು ಸೀಸದ ಸೀನಣ್ಣ.

ಟೆಕ್ಸಸ್‌ಗೆ ಬಂದಮೇಲೂ ಬಂದೂಕಿನ ಆಸೆ ಹುಟ್ಟಲಿಲ್ಲವೆಂದರೆ ಆ ನೀರು ಇನ್ನೂ ಒಗ್ಗಿಲ್ಲವೆಂದೇ ಲೆಕ್ಕ. ಆಫೀಸಿನಲ್ಲಿ ಪಕ್ಕದ ಸೀಟಿನವನು ಸೋಮವಾರ ಬೆಳಿಗ್ಗೆ ತಾನು ಹೊಡೆದ ಜಿಂಕೆಯ ಫೋಟೊ ತೋರಿಸುತ್ತಾನೆ. ಅದಕ್ಕೆ ಪ್ರತಿಯಾಗಿ ತೋರಿಸಲು ಸೀನಣ್ಣನ ಫೋನಿನಲ್ಲಿರುವುದು ಮಗಳ ರಂಗಪ್ರವೇಶದ ಫೋಟೊ. ಆದರೆ ಅವರು ಎಚ್-1ಬಿ ವೀಸಾದವರು, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹತ್ತು ವರ್ಷ ದಾಟಿದವರು. ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ಬೇಟೆಯ ಲೈಸೆನ್ಸ್ ಮಾಡಿಸಿದವರಿಗೆ ವಿನಾಯಿತಿಯೇನೋ ಉಂಟು. ಆದರೆ ಅರ್ಜಿ, ಲೈಸೆನ್ಸು, ವಿನಾಯಿತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರಿಗೆ ವೀಸಾ ವಕೀಲರ ಬಿಲ್ಲು ಕಣ್ಣಮುಂದೆ ಬರುತ್ತದೆ. ಹಾಗಾಗಿ ಕಾನೂನನ್ನೇ ಓದಲು ಕೂತರು. ಸಿಕ್ಕಿತು! 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಬಂದೂಕು ಎಂದರೆ ಸ್ಫೋಟಕದ ಬಲದಿಂದ ಗುಂಡು ಹಾರಿಸುವಂಥದ್ದು. ಗಾಳಿಯ ಬಲದಿಂದ ಹಾರಿಸಿದರೆ ಅದು ಬಂದೂಕೇ ಅಲ್ಲ. ‘ಗಾಳಿಗೆ ವೀಸಾ ಬೇಡ ಕಣ್ರೀ’ ಎಂದು ಅವತ್ತು ಸಂಜೆಯೇ ನನಗೆ ಫೋನು ಬಂತು. ಮುಂದಿನ ವಾರ ಕೊರಿಯರ್‌ನವನು ಉದ್ದನೆಯ ಡಬ್ಬವೊಂದನ್ನು ಅವರ ಬಾಗಿಲಲ್ಲಿ, ಬಾಸ್ಮತಿ ಅಕ್ಕಿಯ ಮೂಟೆಯ ಪಕ್ಕದಲ್ಲಿ ಇಟ್ಟು ಹೋದ.

ಅದುವರೆಗೆ ಸೀನಣ್ಣನಿಗಿದ್ದ ಅನುಭವವೆಲ್ಲ ಮೈಸೂರಿನ ದಸರಾ ವಸ್ತುಪ್ರದರ್ಶನದ ಬಲೂನು ಅಂಗಡಿಯದ್ದು, ಕೆಂಪು ಬಲೂನಿಗೆ ಗುರಿಯಿಟ್ಟರೆ ಹಳದಿ ಒಡೆಯುವ ಏರ್‌ಗನ್ನಿನದ್ದು. ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಸಿಗುವ ಏರ್‌ಗನ್ನಿನ ಬೋರು .177 ಮೀರಬಾರದು, ಶಕ್ತಿ 20 ಜೂಲ್ ದಾಟಬಾರದು ಎಂದು 2016ರ ಆಯುಧ ನಿಯಮಗಳಲ್ಲಿದೆ. ಇವರ ಮನೆಗೆ ಬಂದದ್ದೂ ಅದೇ ಜಾತಿಯದ್ದೇ, ಗೋತ್ರ ಮಾತ್ರ ಬೇರೆ. ಪಕ್ಕದ ಫೋರ್ಟ್ ವರ್ತ್‌ನಲ್ಲೇ ತಯಾರಾಗುವ ಟೆಕ್ಸನ್, .45 ಬೋರು, 600 ಜೂಲ್ ಮೀರಿದ ಶಕ್ತಿ. ‘ಬಲೂನು ಅಂಗಡೀಲಿ ಇದನ್ನಿಟ್ಟಿದ್ರೆ ಬಲೂನಿನ ಜತೆ ಅಂಗಡೀನೂ ಹೋಗ್ತಿತ್ತು’ ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಗಾಳಿಯ ಪಾಠ ಬೇಗ ಮುಗಿಯಿತು. ಕಾರಿನ ಟೈರಿಗೆ 35 ಪಿಎಸ್‌ಐ ಸಾಕು, ಈ ಕೋವಿಗೆ 3000 ಬೇಕು. ಕೈಪಂಪಿನಲ್ಲಿ ಶುರು ಮಾಡಿದವರು ಅರ್ಧ ದಾರಿಗೆ ಷರ್ಟು ಬಿಚ್ಚಿದರು, ಮುಕ್ಕಾಲು ದಾರಿಗೆ ಮಗನನ್ನು ಕೂಗಿದರು. ಅಷ್ಟು ಬೆವರು ಸುರಿಸಿ ತುಂಬಿದ್ದು ನಾಲ್ಕಾರು ಗುಂಡಿಗೆ ಖಾಲಿ, ಅದರಲ್ಲೂ ಒಂದೇ ವೇಗದಲ್ಲಿ ಹೋಗುವುದು ಮೊದಲ ಎರಡು ಮೂರು. ಹೀಗಾಗಿ ಅಗ್ನಿಶಾಮಕದವರು ಬೆನ್ನಿಗೆ ಕಟ್ಟಿಕೊಳ್ಳುವಂಥ ಕಾರ್ಬನ್ ಫೈಬರ್ ಸಿಲಿಂಡರ್ ಬಂತು, 4500 ಪಿಎಸ್‌ಐನದ್ದು. ಅದನ್ನು ತುಂಬಿಸಲು ಸ್ಕೂಬಾ ಅಂಗಡಿಗೆ ಹೋದರೆ ಕೌಂಟರಿನ ಹುಡುಗಿ ‘ಮುಳುಗುವ ಸರ್ಟಿಫಿಕೇಟ್ ಇದೆಯಾ?’ ಎಂದಳು. ‘ಈಗಾಗಲೇ ಮುಳುಗಿದೀನಿ ತಾಯಿ’ ಎಂದು ಕನ್ನಡದಲ್ಲಿ ಗೊಣಗಿಕೊಂಡು ವಾಪಸು ಬಂದರು. ಗರಾಜಿಗೆ ಕಂಪ್ರೆಸರ್ ಬಂತು. ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ, ಹದಿನೈದು ವರ್ಷಕ್ಕೆ ಕಡ್ಡಾಯ ನಿವೃತ್ತಿ ಎಂಬುದು ಗೊತ್ತಾದ ದಿನ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಸೀನಣ್ಣ ದುಂದುಗಾರರು ಎಂದುಕೊಳ್ಳಬೇಡಿ. ಅವರು ಖರ್ಚು ಮಾಡುವುದೆಲ್ಲ ಉಳಿತಾಯಕ್ಕಾಗಿ. ಅಂಗಡಿಯ ಗುಂಡು ಒಂದೊಂದಕ್ಕೂ ಅರ್ಧ ಡಾಲರ್ ಆಚೀಚೆ ಬೀಳುವುದನ್ನು ಕಂಡು ಎಕ್ಸೆಲ್ ಶೀಟು ತೆರೆದರು. ಒಂದು ಪೌಂಡಿಗೆ 7000 ಗ್ರೇನ್. ಇವರ ಗುಂಡು 350 ಗ್ರೇನಿನದ್ದು. ಅಂದರೆ ಪೌಂಡಿಗೆ ಸರಿಯಾಗಿ 20 ಗುಂಡು, 20 ಪೌಂಡಿನ ಪಾತ್ರೆಗೆ 400. ಸೀಸ ಪುಕ್ಕಟೆ ಸಿಕ್ಕರೆ ಗುಂಡೂ ಪುಕ್ಕಟೆ! ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಹಸಿರು ಬಣ್ಣದಲ್ಲಿ ಉಳಿತಾಯದ ಮೊತ್ತ ಬೆಳೆಯುತ್ತಲೇ ಹೋಯಿತು. ಕೋವಿ, ಸಿಲಿಂಡರು, ಕಂಪ್ರೆಸರು, ಕರಗಿಸುವ ಪಾತ್ರೆ, ಅಚ್ಚು ಎಲ್ಲಿವೆ ಎಂದು ಕೇಳಿದೆ. ‘ಅವು ಬಂಡವಾಳ, ಖರ್ಚಲ್ಲ’ ಎಂದರು. ಇಪ್ಪತ್ತು ವರ್ಷ ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆದವರ ಎದುರು ವಾದ ಮಾಡುವುದು ಹೇಗೆ?

ಇನ್ನು ಸೀಸದ ಬೇಟೆ. ಟೈರ್ ಅಂಗಡಿಗಳಲ್ಲಿ ಚಕ್ರದ ಸಮತೂಕಕ್ಕೆ ಹಾಕುವ ಸಣ್ಣ ತೂಕಗಳನ್ನು ತೆಗೆದು ಬಕೆಟ್ಟಿಗೆ ಎಸೆದಿರುತ್ತಾರಲ್ಲ, ಆ ಬಕೆಟ್ಟು ಇವರ ಕಣ್ಣಿಗೆ ಅಕ್ಷಯಪಾತ್ರೆ. ಆದರೆ ಈಗೀಗ ಅದರಲ್ಲಿ ಉಕ್ಕು ಮತ್ತು ಸತುವಿನದ್ದೇ ಜಾಸ್ತಿ. ಸೀಸ 327 ಡಿಗ್ರಿಗೆ ಕರಗಿದರೆ ಸತು ಕರಗಲು 420 ಬೇಕು. ಉರಿ ಹದವಾಗಿದ್ದರೆ ಸತು ಮೇಲೆ ತೇಲುತ್ತದೆ, ಎತ್ತಿ ಬಿಸಾಡಬಹುದು. ಉರಿ ಮೀರಿತೋ, ಅದೂ ಕರಗಿ ಸೇರಿಕೊಂಡು ಇಡೀ ಪಾತ್ರೆ ಕೆಟ್ಟಿತು. ಸೀಸದಲ್ಲೂ ಭೇದವಿದೆ. ಕ್ಲಿಪ್ಪಿನ ತೂಕಗಳಲ್ಲಿ ಆಂಟಿಮನಿ ಬೆರೆತಿರುವುದರಿಂದ ಗಟ್ಟಿ, ಅಂಟಿಸುವ ಪಟ್ಟಿಗಳದ್ದು ಮೆತ್ತಗೆ. ಗಾಳಿಕೋವಿಗೆ ಮೆತ್ತನೆಯದೇ ಬೇಕು, ನಳಿಗೆಯೊಳಗಿನ ತಿರುಚುಗೆರೆಗಳನ್ನು ಅದು ಸಲೀಸಾಗಿ ಹಿಡಿಯುತ್ತದೆ. ಮೆದುವೋ ಗಟ್ಟಿಯೋ ತಿಳಿಯಲು ಮಗಳ ಡ್ರಾಯಿಂಗ್ ಪೆನ್ಸಿಲ್ಲುಗಳ ಇಡೀ ಸೆಟ್ಟು ಗರಾಜಿಗೆ ಹೋಯಿತು. 6ಬಿಯಿಂದ ಶುರುಮಾಡಿ ಒಂದೊಂದಾಗಿ ಗೀರುತ್ತ ಹೋಗಿ, ಯಾವ ಪೆನ್ಸಿಲ್ಲು ಮೊದಲು ಸೀಸವನ್ನು ಕೆರೆಯುತ್ತದೋ ಅದೇ ಅದರ ಗಟ್ಟಿತನ. ಮಗಳ ಆರ್ಟ್ ಹೋಮ್‌ವರ್ಕು ಆ ವಾರ ಬಾಲ್‌ಪೆನ್ನಿನಲ್ಲಿ ಆಯಿತು.

ಎರಕದ ದಿನ ಶನಿವಾರ. ಗರಾಜಿನ ಬಾಗಿಲು ಪೂರ್ತಿ ಮೇಲೆತ್ತಿ, ಫ್ಯಾನನ್ನು ಬೀದಿಯ ಕಡೆ ತಿರುಗಿಸಿ, ಕನ್ನಡಕ, ಚರ್ಮದ ಕೈಗವಸು, ಜೀನ್ಸು ಧರಿಸಿ ಕೂರುತ್ತಾರೆ. ಕರಗಿದ ಸೀಸದ ಮೇಲೆ ಬೂದು ಬಣ್ಣದ ಪೊರೆ ಕಟ್ಟುತ್ತದೆ. ಅದರ ಮೇಲೆ ಚೂರು ಜೇನುಮೇಣ ಹಾಕಿದರೆ ಬುಸ್ಸೆಂದು ಹೊಗೆಯೆದ್ದು, ಕದಡಿದಾಗ ಕಸರೆಲ್ಲ ಒಂದು ಪಕ್ಕ ಸೇರುತ್ತದೆ. ಅದನ್ನು ಎತ್ತಿ ತೆಗೆದರೆ ಕೆಳಗೆ ಥಳಥಳ ಬೆಳ್ಳಗಿನ ದ್ರವ, ಅದರಲ್ಲಿ ಸೀನಣ್ಣನ ಮುಖ. ಅಚ್ಚಿನ ಮೇಲಿನ ತೂತಿಗೆ ಹೊಯ್ದು, ಮೇಲುಳಿದ ಹನಿ ಹೊಳಪು ಕಳೆದುಕೊಂಡು ಮಬ್ಬಾಗುವವರೆಗೆ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಕಟ್ಟಿಗೆಯ ತುಂಡಿನಿಂದ ಮುಚ್ಚಳಕ್ಕೆ ಟಕ್ಕನೆ ಒಂದೇಟು. ಅಚ್ಚು ಬಿಡಿಸಿದರೆ ಮಡಿಸಿಟ್ಟ ಟವೆಲಿನ ಮೇಲೆ ಗುಂಡು ಉರುಳುತ್ತದೆ. ಮೈಯೆಲ್ಲ ಸುಕ್ಕಾಗಿದ್ದರೆ ಅಚ್ಚು ತಣ್ಣಗಿದೆ, ಮಂಜು ಕವಿದಂತಿದ್ದರೆ ಕಾವು ಹೆಚ್ಚಿದೆ. ಎರಡೂ ವಾಪಸು ಪಾತ್ರೆಗೆ. ಒಪ್ಪಿಗೆಯಾದದ್ದು ತಕ್ಕಡಿಗೆ, ತಕ್ಕಡಿಯಿಂದ ಎಕ್ಸೆಲ್ಲಿಗೆ. ಅಲ್ಲಿ ನೀರು ಕುಡಿಯುವಂತಿಲ್ಲ, ಬೆವರು ಒರೆಸದೆ ಬಗ್ಗುವಂತಿಲ್ಲ. ಒಂದು ಹನಿ ನೀರು ಕಾದ ಸೀಸದ ಅಡಿಗೆ ಹೋದರೂ ಆವಿಯಾಗಿ ಸಿಡಿದು ಪಾತ್ರೆಯಲ್ಲಿದ್ದದ್ದನ್ನೆಲ್ಲ ಮೈಮೇಲೆ ಎರಚೀತು. ನಾನು ಒಮ್ಮೆ ಕಾಫಿ ಲೋಟ ಹಿಡಿದುಕೊಂಡೇ ಒಳಗೆ ಕಾಲಿಟ್ಟೆ. ‘ಹೊರಗೆ! ಹೊರಗೆ!’ ಎಂದು ಅವರು ಕೂಗಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ನಾಯಿ ಕೂತುಬಿಟ್ಟಿತು.

ಅತ್ತಿಗೆಯ ತಕರಾರು ಮೊದಲು ಒಂದು ಸೌಟಿನ ಬಗ್ಗೆ ಇತ್ತು. ಸೀಸ ಕದಡಿದ ಸೌಟು ಇನ್ನು ಅಡಿಗೆಮನೆ ಹೊಸಿಲು ದಾಟಕೂಡದು ಎಂದರು. ನ್ಯಾಯವಾದ ಮಾತು, ಸೀಸ ಮೈಗೆ ಸೇರಿದರೆ ವಿಷ. ಆಮೇಲೆ ಷರತ್ತುಗಳು ಬೆಳೆದವು. ಎರಕ ಮುಗಿಸಿದವರು ಒಳಗೆ ಬಂದು ಏನನ್ನೂ ಮುಟ್ಟಬಾರದು. ಬಟ್ಟೆ ಗರಾಜಿನಲ್ಲೇ ಬಿಚ್ಚಿ ಬೇರೆ ಬಕೆಟ್ಟಿಗೆ. ನೇರ ಬಚ್ಚಲಿಗೆ. ಸ್ನಾನವಾಗದೆ ಊಟವಿಲ್ಲ, ಮಕ್ಕಳನ್ನು ಮುಟ್ಟುವಂತಿಲ್ಲ. ನಂಜನಗೂಡಿನ ಅಜ್ಜಿ ಎಷ್ಟು ಗದರಿದರೂ ಮಡಿಗೆ ಬಗ್ಗದೆ ಇದ್ದ ಸೀನಣ್ಣ, ಟೆಕ್ಸಸ್‌ನಲ್ಲಿ ಟವೆಲು ಸುತ್ತಿಕೊಂಡು, ಗೋಡೆಗೂ ತಗುಲದೆ, ಅಡ್ಡ ಬಂದ ಮಗನಿಗೆ ‘ಮುಟ್ಬೇಡ, ಮುಟ್ಬೇಡ’ ಎನ್ನುತ್ತ ಬಚ್ಚಲಿನತ್ತ ಓಡುವುದನ್ನು ನೋಡಬೇಕು.

ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಈಗ ಇದೇ ಮಾತು. ‘ಇದೇನು ಆಟದ ಸಾಮಾನು ಅಂದ್ಕೊಂಡ್ರಾ? 1780ರ ದಶಕದಲ್ಲೇ ಆಸ್ಟ್ರಿಯಾದ ಸೈನ್ಯದ ಹತ್ರ ಜಿರಾರ್ಡೋನಿ ಅನ್ನೋ ಗಾಳಿಕೋವಿ ಇತ್ತು. ಹಿಡಿಯೇ ಗಾಳಿಯ ತೊಟ್ಟಿ. ಅದು ತುಂಬೋಕೆ ಸುಮಾರು 1500 ಸಲ ಪಂಪು ಒತ್ತಬೇಕಿತ್ತಂತೆ.’ ಅಲ್ಲಿಂದ ಅಮೆರಿಕದ ಲೂಯಿಸ್ ಮತ್ತು ಕ್ಲಾರ್ಕ್ ಶೋಧಯಾತ್ರೆಗೆ ಜಿಗಿಯುತ್ತಾರೆ. ಮೆರಿವೆದರ್ ಲೂಯಿಸ್ ಪಶ್ಚಿಮಕ್ಕೆ ಒಯ್ದ ಗಾಳಿಕೋವಿ, ಬಹುಶಃ ಅದೇ ಮಾದರಿಯದ್ದು, ದಾರಿಯುದ್ದಕ್ಕೂ ಸಿಕ್ಕ ಮೂಲನಿವಾಸಿಗಳನ್ನು ಬೆರಗುಗೊಳಿಸಿದ ಕಥೆಯನ್ನು ವಿಸ್ತಾರವಾಗಿ ಹೇಳುತ್ತಾರೆ. ಅದಕ್ಕೂ ಮೊದಲು, 1803ರ ಆಗಸ್ಟ್ ಕೊನೆಯಲ್ಲಿ, ಪಿಟ್ಸ್‌ಬರ್ಗ್ ಬಿಟ್ಟು ಮೂರು ಮೈಲಿ ಹೋಗುವಷ್ಟರಲ್ಲೇ ಅದನ್ನು ಅಭ್ಯಾಸವಿಲ್ಲದವರೊಬ್ಬರ ಕೈಗೆ ಕೊಟ್ಟು, ಅದು ಹಾರಿ, ದೂರದಲ್ಲಿ ನಿಂತಿದ್ದ ಹೆಂಗಸಿನ ಕಣತಲೆಗೆ ಗಾಯವಾದ ಕಥೆ ಅತ್ತಿಗೆ ಹತ್ತಿರದಲ್ಲಿದ್ದರೆ ಬರುವುದಿಲ್ಲ.

ಇಷ್ಟೆಲ್ಲ ಆದಮೇಲೆ ಹೊಡೆಯುವುದು ಯಾವಾಗ ಎನ್ನುತ್ತೀರಿ. ನಮ್ಮವರೇ ಒಬ್ಬರು ಡೆಂಟನ್ ಆಚೆ ಜಮೀನು ಕೊಂಡಿದ್ದಾರೆ. ಆಫೀಸಿನ ಜಿಂಕೆ ಫೋಟೊದವನೂ ಬಂದಿದ್ದ. ಮಣ್ಣಿನ ದಿಬ್ಬದ ಮುಂದೆ ನೀರು ತುಂಬಿದ ಹಾಲಿನ ಕ್ಯಾನುಗಳನ್ನು ಜೋಡಿಸಿದ್ದಾಯಿತು. ವೇಗ ಅಳೆಯುವ ಯಂತ್ರ ನೆಟ್ಟಗೆ ನಿಲ್ಲಲು ಅರ್ಧ ಗಂಟೆ. ಮೊದಲ ಗುಂಡಿಗೆ ಕ್ಯಾನು ಚೂರುಚೂರಾಗಿ ನೀರು ಆಳೆತ್ತರ ಹಾರಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಸೀನಣ್ಣ ವೇಗ ಬರೆದುಕೊಂಡರು. ಎರಡನೆಯದಕ್ಕೂ ಬರೆದುಕೊಂಡರು. ಅಷ್ಟರಲ್ಲಿ ಪೊದೆಯಿಂದ ಕಾಡುಹಂದಿಯ ಸಂಸಾರವೊಂದು ಹೊರಬಂತು. ಟೆಕ್ಸಸ್‌ನಲ್ಲಿ ಅವು ರೈತರ ಪಾಲಿನ ಪಿಡುಗು. ಜಿಂಕೆ ಹೊಡೆಯಲು ಕೂಡ .30 ಬೋರಿಗೆ ಕಡಿಮೆಯಿಲ್ಲದ ಬಲವಾದ ಗಾಳಿಕೋವಿಯನ್ನು 2018ರಿಂದ ಅಲ್ಲಿ ಒಪ್ಪಿದ್ದಾರೆ. ‘ಹೊಡಿ, ಹೊಡಿ’ ಎಂದು ಜಿಂಕೆಯವನು ಪಿಸುಗುಟ್ಟಿದ. ಸೀನಣ್ಣ ಒತ್ತಡದ ಮುಳ್ಳು ನೋಡಿ, ‘ತಾಳಪ್ಪ, ಪ್ರೆಷರ್ ಇಳಿದಿದೆ’ ಎಂದು ಸಿಲಿಂಡರಿನ ಪೈಪು ಹುಡುಕತೊಡಗಿದರು. ಪೈಪು ಸಿಗುವಷ್ಟರಲ್ಲಿ ಹಂದಿಗಳು ಬೇಲಿಯಾಚೆ. ಆಗ ಸೀನಣ್ಣನಿಗಾದ ಸಮಾಧಾನ ಹಂದಿಗಳಿಗೂ ಆಗಿರಲಿಕ್ಕಿಲ್ಲ.

ಅವರ ಮುಖ್ಯ ಕಾರ್ಯಕ್ರಮ ಶುರುವಾದದ್ದು ಆಮೇಲೆ. ಗುದ್ದಲಿ, ಜರಡಿ ತೆಗೆದುಕೊಂಡು ದಿಬ್ಬ ಅಗೆದು, ಹೊಡೆದ ಗುಂಡುಗಳ ಸೀಸವನ್ನು ಒಂದೂ ಬಿಡದೆ ಹೆಕ್ಕಿದರು. ಮತ್ತೆ ಕರಗಿಸಿ ಎರೆಯಬಹುದಲ್ಲ! ಎಕ್ಸೆಲ್ಲಿನಲ್ಲಿ ಅವತ್ತಿನ ಉಳಿತಾಯ ಎರಡು ಸಲ ಬಂತು.

ಹೋದ ತಿಂಗಳು ಅವರಿಗೆ ಗ್ರೀನ್ ಕಾರ್ಡ್ ಬಂತು. ಪಾಯಸದೂಟಕ್ಕೆ ಹೋದಾಗ ಕೇಳಿದೆ: ‘ಇನ್ನು ನಿಜವಾದ ಬಂದೂಕನ್ನೇ ತಗೋಬಹುದಲ್ಲ ಸೀನಣ್ಣ?’

ಅವರು ನನ್ನನ್ನು ಮರುಕದಿಂದ ನೋಡಿದರು. ‘ಅದರಲ್ಲೇನಿದೆ ರೀ? ಅಂಗಡಿಗೆ ಹೋಗ್ತಾರೆ, ಡಬ್ಬ ತರ್ತಾರೆ, ಹೊಡೀತಾರೆ, ಮುಗೀತು. ಅದೂ ಒಂದು ಹವ್ಯಾಸಾನಾ?’ ಎಂದು ಬೀಳ್ಕೊಡಲು ಹೊರಗೆ ಬಂದರು. ಕಾರಿನ ಹತ್ತಿರ ಬಂದಮೇಲೆ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಫೋನಿನ ಟಾರ್ಚು ಹಚ್ಚಿದರು.

‘ಇಲ್ಲಿ ಅಂಟಿಸಿರೋದು ಸೀಸದ್ದಾ, ಸತುವಿನದ್ದಾ? ಟೈರು ಯಾವಾಗ ಬದಲಾಯಿಸ್ತೀರಿ?’